ಆಟದ ಚಿತ್ರ ಯಾರ ಸೊತ್ತು?

ಕಂಪ್ಯೂಟರಿನ ಆಟಗಳ ಮಾತೆತ್ತಿದರೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವುದುಂಟು. ಪರೀಕ್ಷೆ ಹತ್ತಿರ ಬಂದಿರುವಾಗ ಮೊಬೈಲು ಹಿಡಿದು ಕುಳಿತ ಮಗನನ್ನು ಕಂಡ ತಂದೆತಾಯಿಗಳಿಗೆ ಅದು ಸಹಜವೇ ಸರಿ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆಟವಾಡುವವರ ವಿಷಯವನ್ನಲ್ಲ. ಆಟವನ್ನು ಕಟ್ಟುವವರ ವಿಷಯವನ್ನು, ಅದರಲ್ಲಿಯೂ ಅದಕ್ಕೆ ಚಿತ್ರ ಬರೆದುಕೊಡುವವರ ವಿಷಯವನ್ನು. ನಮ್ಮದು ಕಲಾ ಕಾಲೇಜು. ಇಲ್ಲಿ ಪ್ರೋಗ್ರಾಮು ಬರೆಯಬಲ್ಲವರು ವಿರಳ. ಚಿತ್ರ ಬರೆಯುವ ಕೈಗಳಿಗೆ ಮಾತ್ರ ಬರವಿಲ್ಲ. ಜಗತ್ತಿನ ನಾನಾ ಮೂಲೆಗಳಲ್ಲಿ ಜನ ಒಟ್ಟುಗೂಡಿ ಕಟ್ಟುತ್ತಿರುವ ಮುಕ್ತ ಆಟಗಳಿಗೆ ಇಂತಹ ಕೈಗಳು ಸದಾ ಬೇಕು. ಮರ, ಮನೆ, ಸೈನಿಕ, ಹಕ್ಕಿ, ಏನನ್ನು ಬರೆದುಕೊಟ್ಟರೂ ಬೇಡವೆನ್ನುವವರಿಲ್ಲ. ಕೊಡುವುದೇನೋ ಸುಲಭ. ಯಾವ ಷರತ್ತಿನ ಮೇಲೆ ಕೊಡಬೇಕೆಂಬುದನ್ನು ಯೋಚಿಸಿದವರು ಮಾತ್ರ ನಮ್ಮಲ್ಲಿ ಕಡಿಮೆ. ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲಾಗದ ವಸ್ತುವಾದುದರಿಂದ ಆ ಯೋಚನೆಯನ್ನು ಕೊಡುವುದಕ್ಕೆ ಮುಂಚೆಯೇ ಮಾಡತಕ್ಕದ್ದು.

ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ತಂತ್ರಾಂಶವೆಂದು ತಿಳಿದವರು ಬಹಳ. ಅದು ಸರಿಯಲ್ಲ. ಯಾವ ಉದ್ದೇಶಕ್ಕಾದರೂ ಬಳಸುವ, ಒಳಗನ್ನು ಬಿಚ್ಚಿ ನೋಡುವ, ಬೇಕಾದಂತೆ ತಿದ್ದುವ, ತಿದ್ದಿದ್ದನ್ನೂ ತಿದ್ದದಿದ್ದುದನ್ನೂ ಇತರರಿಗೆ ಹಂಚುವ ಸ್ವಾತಂತ್ರ್ಯ ಯಾವುದಕ್ಕೆ ಇದೆಯೋ ಅದು ಮುಕ್ತ. ಹಣಕ್ಕೆ ಮಾರಿದರೂ ಅದು ಮುಕ್ತವೇ. ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ಪ್ರೋಗ್ರಾಮರು ಈ ಸ್ವಾತಂತ್ರ್ಯವನ್ನು ಕಾಪಾಡುವುದಕ್ಕಾಗಿ 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯನ್ನು ಹೊರತಂದರು. ಅದರ ಎರಡನೆಯ ಆವೃತ್ತಿ 1991ರಲ್ಲಿಯೂ ಮೂರನೆಯದು 2007ರಲ್ಲಿಯೂ ಬಂದವು. ನನ್ನ ಕೃತಿಯನ್ನು ಬಳಸಿ ಹೊಸದೊಂದನ್ನು ಮಾಡಿ ಹಂಚುವವನು ತನ್ನದನ್ನೂ ಇದೇ ಷರತ್ತಿನ ಮೇಲೆಯೇ ಹಂಚಬೇಕು ಎಂಬುದು ಅದರ ತಿರುಳು. ಪ್ರೋಗ್ರಾಮಿನ ಮಟ್ಟಿಗೆ ಇದು ಇತ್ಯರ್ಥವಾದ ಮಾತು. ಚಿತ್ರದ ಮಟ್ಟಿಗೆ ಅಷ್ಟು ಸಲೀಸಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ಚಿತ್ರವನ್ನು ಬರೆದು ಅಂತರಜಾಲದಲ್ಲಿ ಹಾಕಿಬಿಟ್ಟರೆ ಅದು ಎಲ್ಲರದೂ ಆಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕುಂಚವನ್ನು ಕೆಳಗಿಟ್ಟ ಗಳಿಗೆಯಲ್ಲೇ ಚಿತ್ರದ ಹಕ್ಕು ಬರೆದವನಿಗೆ ಬರುತ್ತದೆ. ನೋಂದಣಿ ಬೇಕಿಲ್ಲ, ಮುದ್ರೆ ಬೇಕಿಲ್ಲ. ಚಿತ್ರ ಚೆನ್ನಾಗಿರಬೇಕೆಂಬ ನಿಯಮ ಕೂಡ ಇಲ್ಲ, ಕಲಾಗುಣವಿರಲಿ ಬಿಡಲಿ ಅದು ಕಲಾಕೃತಿಯೇ ಎಂದು ಕಾಯಿದೆಯೇ ಹೇಳುತ್ತದೆ. (ನಮ್ಮಂಥವರಿಗೆ ಇದೊಂದು ಸಮಾಧಾನ!) ಆ ಹಕ್ಕು ಕಲಾವಿದನ ಜೀವಮಾನವಿಡೀ ಇದ್ದು, ಅವನು ಸತ್ತ ಮೇಲೆ ಮತ್ತೆ 60 ವರ್ಷ ಇರುತ್ತದೆ. ಆದಕಾರಣ ಏನನ್ನೂ ಹೇಳದೆ ಬಿಟ್ಟ ಚಿತ್ರವೆಂದರೆ ಬೀಗ ಹಾಕಿದ ಚಿತ್ರವೆಂದೇ ಅರ್ಥ. ಒಳ್ಳೆಯ ಮನಸ್ಸಿನಿಂದ ಸುಮ್ಮನಿದ್ದವನು ಮುಂದೆ ಬರುವ ಒಳ್ಳೆಯ ಮನಸ್ಸಿನವರ ಕೈಯನ್ನೇ ಕಟ್ಟಿಹಾಕುತ್ತಾನೆ. ಪ್ರಾಮಾಣಿಕನಾದವನು ಅನುಮತಿಯಿಲ್ಲದೆ ಮುಟ್ಟುವುದಿಲ್ಲ. ಕದಿಯುವವನು ಅನುಮತಿಯನ್ನು ಕೇಳುವುದೇ ಇಲ್ಲ.

ಒಂದೇ ಒಂದು ಸಾಲಿನ ಅನುಮತಿ ಎಂತಹ ಕೆಲಸ ಮಾಡಬಲ್ಲುದೆಂಬುದಕ್ಕೆ ಲಿನಕ್ಸಿನ ಪೆಂಗ್ವಿನ್ ಹಕ್ಕಿಯೇ ಸಾಕ್ಷಿ. ಟಕ್ಸ್ ಎಂಬ ಹೆಸರಿನ ಆ ದುಂಡು ಹೊಟ್ಟೆಯ ಹಕ್ಕಿಯನ್ನು 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬುವರು ಬರೆದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಯಾರಾದರೂ ಕೇಳಿದರೆ ನನ್ನ ಹೆಸರನ್ನೂ ನಾನು ಬಳಸಿದ ಗಿಂಪ್ ಎಂಬ ತಂತ್ರಾಂಶದ ಹೆಸರನ್ನೂ ಹೇಳಿ ಎಂಬಷ್ಟೇ ಅವರ ಷರತ್ತು. ಆ ಹಕ್ಕಿ ಆಮೇಲೆ ಸೂಪರ್‌ಟಕ್ಸ್ ಆಟದಲ್ಲಿ ಕುಪ್ಪಳಿಸಿತು, ಟಕ್ಸ್ ರೇಸರಿನಲ್ಲಿ ಹಿಮದ ಮೇಲೆ ಹೊಟ್ಟೆ ಹಚ್ಚಿ ಜಾರಿತು, ಸೂಪರ್‌ಟಕ್ಸ್‌ಕಾರ್ಟಿನಲ್ಲಿ ಗಾಡಿ ಓಡಿಸಿತು. ಆ ಒಂದು ಸಾಲನ್ನು ಬರೆಯದೆ ಹೋಗಿದ್ದರೆ ಈ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕಾಗದ ಬರೆದು ಒಪ್ಪಿಗೆ ಪಡೆಯಬೇಕಾಗಿತ್ತು.

ಇನ್ನು ಕೋಡು ಮುಕ್ತವಾಗಿದ್ದು ಚಿತ್ರಗಳಿಗೆ ಬೀಗ ಬಿದ್ದಿದ್ದರೆ ಏನಾಗುವುದೆಂದು ನೋಡೋಣ. ಡೂಮ್ ಎಂಬ ಹೆಸರಾಂತ ಆಟದ ಕೋಡನ್ನು ಅದರ ಒಡೆಯರಾದ ಇಡ್ ಸಾಫ್ಟ್‌ವೇರ್ ಕಂಪನಿಯವರು 1997ರ ಡಿಸೆಂಬರಿನಲ್ಲಿ ಹೊರಗೆ ಬಿಟ್ಟರು. ಮೊದಲು ಲಾಭಕ್ಕಾಗಿ ಬಳಸಕೂಡದೆಂಬ ಷರತ್ತಿತ್ತು. 1999ರಲ್ಲಿ ಅದನ್ನು ಕೈಬಿಟ್ಟು ಜಿ.ಪಿ.ಎಲ್. ಅಡಿಯಲ್ಲಿ ಕೊಟ್ಟರು. ಆದರೆ ಅದರ ಚಿತ್ರಗಳು, ಸದ್ದುಗಳು, ಹಂತಗಳು ಇವತ್ತಿಗೂ ಮುಕ್ತವಲ್ಲ. ಗರ್ಭಗುಡಿಯ ಬಾಗಿಲು ತೆರೆದು ಮೂರ್ತಿಯನ್ನು ಒಳಕೋಣೆಯಲ್ಲಿ ಬಚ್ಚಿಟ್ಟಂತಾಯಿತು. ಕೊನೆಗೆ ಫ್ರೀಡೂಮ್ ಎಂಬ ತಂಡದವರು 2001ರಿಂದ ಮೊದಲುಗೊಂಡು ಪ್ರತಿಯೊಂದು ರಾಕ್ಷಸನನ್ನೂ ಪ್ರತಿಯೊಂದು ಗೋಡೆಯನ್ನೂ ಹೊಸದಾಗಿ ಬರೆಯಬೇಕಾಯಿತು. ಓಪನ್‌ಟಿಟಿಡಿ ಎಂಬ ಸಾರಿಗೆಯ ಆಟದ ಕಥೆಯೂ ಇದೇ. 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಆಟದ ಮಾದರಿಯಲ್ಲಿ 2004ರಲ್ಲಿ ಹುಟ್ಟಿದ ಇದನ್ನು ಆಡಬೇಕಾದರೆ ಬಹುಕಾಲ ಹಳೆಯ ಆಟದ ಚಿತ್ರಗಳನ್ನು ಕೊಂಡಿಟ್ಟುಕೊಂಡಿರಬೇಕಾಗಿತ್ತು. ಓಪನ್‌ಜಿಎಫ್‌ಎಕ್ಸ್ ಎಂಬ ಮುಕ್ತ ಚಿತ್ರಮಾಲೆ ಸಿದ್ಧವಾದ ಮೇಲೆಯೇ, 2010ರಲ್ಲಿ ಬಂದ ಅದರ 1.0 ಆವೃತ್ತಿ ಯಾರ ಹಂಗೂ ಇಲ್ಲದೆ ತನ್ನ ಕಾಲ ಮೇಲೆ ನಿಂತುಕೊಂಡಿತು. ಆಟದಲ್ಲಿ ಚಿತ್ರವೆಂಬುದು ಮದುವೆ ಮನೆಯ ತೋರಣವಲ್ಲ, ಅಡಿಗೆಯೇ ಎಂಬುದು ಇದರಿಂದ ತಿಳಿದುಬರುವುದು.

ಹಾಗಾದರೆ ಯಾವ ಪರವಾನಗಿಯನ್ನು ಆರಿಸಬೇಕು? ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2001ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2002ರಲ್ಲಿ ಪ್ರೋಗ್ರಾಮೇತರ ಕೃತಿಗಳಿಗಾಗಿ ಕೆಲವು ಪರವಾನಗಿಗಳನ್ನು ಹೊರಡಿಸಿತು. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿ 2013ರದು. ಅವುಗಳಲ್ಲಿ ಹೆಸರು ಹೇಳಿ ಏನು ಬೇಕಾದರೂ ಮಾಡಿಕೊಳ್ಳಿ ಎನ್ನುವುದು ಒಂದು, ಅದು ಬೈ. ಹೆಸರನ್ನೂ ಹೇಳಿ, ನೀವು ತಿದ್ದಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ ಎನ್ನುವುದು ಇನ್ನೊಂದು, ಬೈ-ಎಸ್.ಎ. ಇವಕ್ಕೆ ವಾಣಿಜ್ಯ ಬಳಕೆ ಕೂಡದು ಎಂಬ ಎನ್.ಸಿ. ಷರತ್ತನ್ನೋ ಮಾರ್ಪಡಿಸಕೂಡದು ಎಂಬ ಎನ್.ಡಿ. ಷರತ್ತನ್ನೋ ಸೇರಿಸಿದರೆ ಉಳಿದ ಬಗೆಗಳಾಗುತ್ತವೆ. ಇವಲ್ಲದೆ ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಸಿಸಿ-ಝೀರೋ 2009ರಿಂದ ಇದೆ.

ಎನ್.ಡಿ. ಷರತ್ತಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆಟದ ಚಿತ್ರವನ್ನು ಕತ್ತರಿಸಬೇಕು, ಕುಗ್ಗಿಸಬೇಕು, ಕೆಂಪು ಸೇನೆಯನ್ನು ನೀಲಿ ಸೇನೆ ಮಾಡಬೇಕು. ತಿದ್ದಕೂಡದೆಂದರೆ ಬಟ್ಟೆಯನ್ನು ಕೊಟ್ಟು ಹೊಲಿಯಬೇಡವೆಂದಂತೆ.

ಎನ್.ಸಿ.ಯ ವಿಷಯ ಹಾಗಲ್ಲ. ಚಿತ್ರ ಬರೆಯುವ ಗೆಳೆಯರೊಡನೆ ಮಾತಾಡುವಾಗಲೆಲ್ಲ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. "ನಾನು ನಿದ್ದೆಗೆಟ್ಟು ಬರೆದು ಪುಕ್ಕಟೆ ಕೊಡುವುದು, ಯಾವನೋ ಅದನ್ನು ಮಾರಿ ದುಡ್ಡು ಮಾಡಿಕೊಳ್ಳುವುದು, ಇದು ಯಾವ ನ್ಯಾಯ?" ಎಂದು ಕೇಳುತ್ತಾರೆ. ಕೂಲಿಯ ಬೆಲೆ ತಿಳಿದ ಮನೆಗಳಿಂದ ಬಂದವರು ನಾವು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸಲಾರೆ. ಆದರೂ ಆಟದ ಚಿತ್ರಕ್ಕೆ ಎನ್.ಸಿ. ತಕ್ಕ ಷರತ್ತಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಕಾರಣವನ್ನು ಹೇಳುತ್ತೇನೆ. ಮೊದಲನೆಯದಾಗಿ ಈ ಬೇಲಿ ಯಾರನ್ನು ತಡೆಯುತ್ತದೆ ಎಂಬುದನ್ನು ನೋಡಬೇಕು. ದೊಡ್ಡ ಕಂಪನಿಗೆ ನಮ್ಮ ಚಿತ್ರದ ಅಗತ್ಯವೇ ಇಲ್ಲ. ಅದು ಸಂಬಳ ಕೊಟ್ಟು ನೂರು ಮಂದಿಯಿಂದ ಬರೆಯಿಸಿಕೊಳ್ಳಬಲ್ಲುದು. ತಡೆಗೆ ಸಿಕ್ಕುವವನು ಬಡವ: ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸನ್ನೂ ಆಟಗಳನ್ನೂ ಹಾಕಿ ಮಾರುವ ಸಣ್ಣ ಅಂಗಡಿಯವನು, ಗಂಟೆಗೆ ಇಷ್ಟೆಂದು ಹಣ ಪಡೆಯುವ ಸೈಬರ್ ಸೆಂಟರಿನವನು, ಖರ್ಚು ಹುಟ್ಟಲೆಂದು ತನ್ನ ಪುಟದಲ್ಲಿ ಜಾಹೀರಾತು ಹಾಕಿಕೊಂಡ ವಿದ್ಯಾರ್ಥಿ. ಇವರು ಮಾಡುವುದು ವಾಣಿಜ್ಯವೋ ಅಲ್ಲವೋ? ಮುಖ್ಯವಾಗಿ ವಾಣಿಜ್ಯ ಲಾಭಕ್ಕೆ ಉದ್ದೇಶಿಸಿರಕೂಡದು ಎಂದು ಪರವಾನಗಿ ಹೇಳುತ್ತದೆ. ಆ 'ಮುಖ್ಯವಾಗಿ' ಎಂಬ ಮಾತನ್ನು ಅಳೆಯುವ ಸೇರು ಪಾವು ಯಾರಲ್ಲಿಯೂ ಇಲ್ಲ. ಅನುಮಾನವಿದ್ದಲ್ಲಿ ಸಾಧುವಾದವನು ದೂರ ಸರಿಯುತ್ತಾನೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ಒಬ್ಬನ ಷರತ್ತು ಅವನ ಚಿತ್ರಕ್ಕಷ್ಟೇ ನಿಲ್ಲುವುದಿಲ್ಲ. ಇಡೀ ಆಟಕ್ಕೆ ಅಂಟುತ್ತದೆ. ನಲವತ್ತು ಮಂದಿ ಸೇರಿ ಕಟ್ಟಿದ ಆಟದಲ್ಲಿ ಒಬ್ಬನ ಎನ್.ಸಿ. ಚಿತ್ರ ಸೇರಿದರೆ ಉಳಿದ ಮೂವತ್ತೊಂಬತ್ತು ಮಂದಿಯ ಔದಾರ್ಯವೂ ಅಲ್ಲಿಗೆ ನಿಂತಿತು. ಡೆಬಿಯನ್ ಎಂಬ ಲಿನಕ್ಸ್ ಬಳಗವನ್ನೇ ತೆಗೆದುಕೊಳ್ಳಿ. ಯಾವುದು ಮುಕ್ತ ಯಾವುದಲ್ಲವೆಂಬುದಕ್ಕೆ ಅವರು 1997ರಲ್ಲಿ ನಿಯಮಗಳನ್ನು ಬರೆದುಕೊಂಡರು. 2004ರಲ್ಲಿ ಮತ ಹಾಕಿ, ಆ ನಿಯಮ ಪ್ರೋಗ್ರಾಮಿಗೆ ಮಾತ್ರವಲ್ಲ, ತಮ್ಮ ವ್ಯವಸ್ಥೆಯೊಳಗಿನ ಎಲ್ಲ ಕೃತಿಗಳಿಗೂ ಅನ್ವಯಿಸುವುದೆಂದು ಸ್ಪಷ್ಟಪಡಿಸಿದರು. ಮಾರುವುದನ್ನು ತಡೆಯುವ ಚಿತ್ರಕ್ಕೆ ಅವರ ಮುಖ್ಯ ಸಂಗ್ರಹದಲ್ಲಿ ಎಡೆಯಿಲ್ಲ. ಕ್ರಿಯೇಟಿವ್ ಕಾಮನ್ಸಿನ ಬೈ-ಎಸ್.ಎ. ಪರವಾನಗಿಯ ಹಳೆಯ ಎರಡನೆಯ ಆವೃತ್ತಿಯನ್ನೇ ಅವರು ಒಪ್ಪಿರಲಿಲ್ಲ; ಮೂರನೆಯದನ್ನು ಒಪ್ಪಿದರು. ಇಷ್ಟು ಕಟ್ಟುನಿಟ್ಟು ಅತಿಯಾಯಿತೆನ್ನುವವರಿದ್ದಾರೆ. ಚಿತ್ರವು ಪ್ರೋಗ್ರಾಮಿನಂತೆ ಕೆಲಸ ಮಾಡುವ ವಸ್ತುವಲ್ಲವಾದುದರಿಂದ ಅದಕ್ಕೆ ಅಷ್ಟೇ ಸ್ವಾತಂತ್ರ್ಯ ಬೇಕೆಂದಿಲ್ಲ ಎಂದು ಸ್ವತಃ ಸ್ಟಾಲ್ಮನ್ನರೇ ಬರೆದಿದ್ದಾರೆ. ಈ ಒಂದು ವಿಷಯದಲ್ಲಿ ನಾನು ಗುರುವನ್ನು ಬಿಟ್ಟು ಡೆಬಿಯನ್ನಿನವರ ಕಡೆ ನಿಲ್ಲುವವನು. ಚಿತ್ರವನ್ನು ತಿದ್ದಲು ಬಾರದ ಆಟವನ್ನು ಮತ್ತೊಬ್ಬನು ಬೆಳೆಸುವುದು ಹೇಗೆ?

ಮೂರನೆಯದಾಗಿ, ಮಾರುವವನ ಭಯಕ್ಕೆ ಮದ್ದು ಬೇರೆ ಇದೆ. ಬೈ-ಎಸ್.ಎ. ಷರತ್ತಿನ ಚಿತ್ರವನ್ನು ಒಬ್ಬನು ತಿದ್ದಿ ಮಾರಲಿ. ಕೊಂಡವನು ಅದನ್ನು ಊರಿಗೆಲ್ಲ ಹಂಚಬಹುದು, ನಾನೂ ಪಡೆದು ಬಳಸಬಹುದು. ಮಾರುವುದು ಅವನಿಗೆ ಸಾಧ್ಯ, ಒಬ್ಬನೇ ಮಾರುವುದು ಸಾಧ್ಯವಿಲ್ಲ. ಕೆರೆಯ ನೀರನ್ನು ಗಾಡಿಯ ಮೇಲೆ ಹೊತ್ತು ಮಾರುವವನಿಂದ ಊರಿಗೆ ಹಾನಿಯಿಲ್ಲ. ಕೆರೆಗೆ ಬೇಲಿ ಹಾಕುವವನಿಂದ ಹಾನಿ. ಬೈ-ಎಸ್.ಎ. ತಡೆಯುವುದು ಆ ಎರಡನೆಯವನನ್ನು.

ಇನ್ನು ಚಿತ್ರಕ್ಕೂ ಜಿ.ಪಿ.ಎಲ್. ಅನ್ನೇ ಏಕೆ ಹಾಕಬಾರದೆಂದು ಕೇಳಬಹುದು. ಹಾಕಿದವರುಂಟು. ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಪ್ರಸಿದ್ಧ ಆಟದಲ್ಲಿ ಕೋಡಿನಂತೆಯೇ ಚಿತ್ರ ಸಂಗೀತಗಳೂ ಜಿ.ಪಿ.ಎಲ್. ಅಡಿಯಲ್ಲೇ ಬೆಳೆದುಬಂದವು. ಎಲ್ಲವೂ ಒಂದೇ ಷರತ್ತಿನಲ್ಲಿರುವುದರಿಂದ ಗೊಂದಲವಿಲ್ಲವೆಂಬುದು ಅದರ ಗುಣ. ಆದರೆ ಜಿ.ಪಿ.ಎಲ್. ಪ್ರಕಾರ ಹಂಚುವವನು ಮೂಲವನ್ನೂ ಕೊಡಬೇಕು. ತಿದ್ದುವುದಕ್ಕೆ ಯಾವ ರೂಪ ಅನುಕೂಲವೋ ಅದೇ ಮೂಲವೆಂದು ಅದರ ವ್ಯಾಖ್ಯೆ. ಪ್ರೋಗ್ರಾಮಿಗೆ ಇದು ಸ್ಪಷ್ಟ. ಚಿತ್ರದಲ್ಲಿ ಮೂಲವೆಂದರೆ ಯಾವುದು? ಗಿಂಪಿನಲ್ಲಿ ಪದರ ಪದರವಾಗಿ ಬರೆದ ಕಡತವೇ, ಬ್ಲೆಂಡರಿನಲ್ಲಿ ಮಾಡಿದ ಗೊಂಬೆಯೇ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದೇ? ಬರೆದವನು ಪದರಗಳನ್ನು ಒಂದು ಮಾಡಿ ಉಳಿದದ್ದನ್ನು ಅಳಿಸಿಹಾಕಿದ್ದರೆ ಏನು ಗತಿ? ಆ ಆಟದ ಒಂದು ಚಿತ್ರವನ್ನು ನಾಳೆ ಒಂದು ಪುಸ್ತಕದಲ್ಲಿ ಅಚ್ಚುಹಾಕಿದರೆ ಪುಸ್ತಕದ ಜೊತೆಗೆ ಮೂಲ ಕಡತವನ್ನು ಹೇಗೆ ಕೊಡುವುದು? ಇಂತಹ ಪ್ರಶ್ನೆಗಳಿಗೆ ಕೊನೆಯಿಲ್ಲ. ಕ್ರಿಯೇಟಿವ್ ಕಾಮನ್ಸಿನವರು ತಮ್ಮ ಪರವಾನಗಿಯನ್ನು ಪ್ರೋಗ್ರಾಮಿಗೆ ಹಾಕಬೇಡಿರೆಂದು ತಾವೇ ಹೇಳುವಂತೆ, ಪ್ರೋಗ್ರಾಮಿನ ಪರವಾನಗಿಯೂ ಚಿತ್ರಕ್ಕೆ ಹೊಲಿದ ಅಂಗಿಯಲ್ಲ. ವೆಸ್ನಾತಿನವರೂ ಈಗ ಚಿತ್ರ ಸಂಗೀತಗಳಿಗೆ ಬೈ-ಎಸ್.ಎ. ನಾಲ್ಕನೆಯ ಆವೃತ್ತಿಯನ್ನು ಒಪ್ಪುತ್ತಾರೆ.

ಆದರೆ ಇಲ್ಲೊಂದು ಮಾತನ್ನು ಜಿ.ಪಿ.ಎಲ್. ಪರವಾಗಿ ಹೇಳಲೇಬೇಕು. ಮೂಲ ಕಡತವನ್ನು ಕೊಡಬೇಕೆಂಬ ಅದರ ಹಟ ಬಹಳ ಒಳ್ಳೆಯ ಹಟ. ಬೈ-ಎಸ್.ಎ. ಅದನ್ನು ಕೇಳುವುದಿಲ್ಲ. ಸಿದ್ಧಚಿತ್ರವನ್ನು ಮಾತ್ರ ಕೊಟ್ಟರೆ, ಸೈನಿಕನ ಕೈಯಲ್ಲಿರುವ ಕತ್ತಿಯನ್ನು ತೆಗೆದು ಬಿಲ್ಲು ಕೊಡಬೇಕೆನ್ನುವವನು ಇಡೀ ಸೈನಿಕನನ್ನೇ ಮತ್ತೆ ಬರೆಯಬೇಕಾಗುತ್ತದೆ. ಆದ್ದರಿಂದ ಪರವಾನಗಿ ಕೇಳದಿದ್ದರೂ ಪದರಗಳಿರುವ ಕಡತವನ್ನು ಜೊತೆಗಿಟ್ಟು ಕೊಡುವುದು ಸಜ್ಜನರ ಲಕ್ಷಣ.

ಸಿಸಿ-ಝೀರೋ ಪಕ್ಷದವರ ವಾದವೂ ಕೇಳತಕ್ಕದ್ದೇ. ಷರತ್ತೇ ಇಲ್ಲದಿದ್ದರೆ ಜಗಳವೂ ಇಲ್ಲ ಎನ್ನುತ್ತಾರೆ ಅವರು. ಗ್ಲಿಚ್ ಎಂಬ ಆಟ 2012ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಅದನ್ನು ಕಟ್ಟಿದ ಟೈನಿ ಸ್ಪೆಕ್ ಕಂಪನಿಯವರು 2013ರಲ್ಲಿ ಅದರ ಹತ್ತು ಸಾವಿರಕ್ಕೂ ಮೇಲ್ಪಟ್ಟ ಚಿತ್ರಾದಿಗಳನ್ನು ಸಿಸಿ-ಝೀರೋ ಮಾಡಿ ಬಿಟ್ಟುಕೊಟ್ಟರು. ಸತ್ತ ಆಟದ ಮರಗಿಡಗಳು ಎಷ್ಟೋ ಬೇರೆ ಆಟಗಳಲ್ಲಿ ಚಿಗುರಿದವು. ಹೆಸರು ಹೇಳಬೇಕೆಂಬ ಷರತ್ತು ಭಾರವಾಗುವ ಸಂದರ್ಭಗಳೂ ಇಲ್ಲದಿಲ್ಲ. ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಸ್ಪರ್ಧೆ 2012ರಲ್ಲಿ ನಡೆದಾಗ, ಒಂದೇ ಅಳತೆಗೆ ಒಂದೇ ಶೈಲಿಯಲ್ಲಿ ನೂರಾರು ಚಿತ್ರಗಳು ಬೈ-ಎಸ್.ಎ. ಮತ್ತು ಜಿ.ಪಿ.ಎಲ್. ಎರಡರಲ್ಲಿಯೂ ತಯಾರಾದವು, ಆ ರಾಶಿ ಈಗಲೂ ಬೆಳೆಯುತ್ತಿದೆ. ಅಲ್ಲಿ ಒಬ್ಬ ಸೈನಿಕನನ್ನು ಜೋಡಿಸಿದರೆ ಮೈ ಒಬ್ಬರದು, ಕೂದಲು ಇನ್ನೊಬ್ಬರದು, ಕವಚ ಮತ್ತೊಬ್ಬರದು. ಹೆಸರುಗಳ ಪಟ್ಟಿ ಸೈನಿಕನಿಗಿಂತ ಉದ್ದವಾಗುತ್ತದೆ.

ಆಗಲಿ. ಉದ್ದವಾದರೆ ಆಗಲಿ ಎಂದೇ ನನ್ನ ಮಾತು. ನಮ್ಮ ಕಡೆ ಗುಡಿಗೆ ಬಣ್ಣ ಕೊಡಿಸಿದವರ ಹೆಸರು ಕಲ್ಲಿನ ಮೇಲೆ ಕೊರೆದಿರುತ್ತದೆ. ಗೋಡೆಯ ಮೇಲೆ ದಶಾವತಾರ ಬರೆದವನ ಹೆಸರು ಅವನ ಊರಿನವರಿಗೂ ತಿಳಿದಿರುವುದಿಲ್ಲ. ತಲೆಮಾರುಗಳಿಂದ ನಡೆದುಬಂದ ಈ ಮರೆವನ್ನು ನಾವು ಹೊಸ ಕಾಲಕ್ಕೂ ಕೊಂಡೊಯ್ಯಬೇಕೆ? ಕೆಲಸ ಹುಡುಕಿಕೊಂಡು ಹೋಗುವ ಹುಡುಗನಿಗೆ "ಇಂಥ ಆಟದಲ್ಲಿ ಈ ಕೋಟೆ ನನ್ನದು" ಎಂದು ತೋರಿಸುವುದಕ್ಕೆ ಆ ಒಂದು ಸಾಲೇ ಪ್ರಶಸ್ತಿಪತ್ರ. ಪ್ರಭಾವವುಳ್ಳ ಮಾವಂದಿರಿಲ್ಲದವರಿಗೆ ಅದು ಸಣ್ಣ ಮಾತಲ್ಲ. ಒಂದು ಗುಂಡಿ, ಒಂದು ಬಾಣದ ಗುರುತು, ಹುಲ್ಲಿನ ಒಂದು ಚೌಕ, ಇಂಥವನ್ನು ಸಿಸಿ-ಝೀರೋ ಮಾಡಿ ಬಿಡೋಣ. ತಿಂಗಳುಗಟ್ಟಲೆ ಕುಳಿತು ಬರೆದುದಕ್ಕೆ ಹೆಸರು ಇರಲಿ.

ಈ ಹೆಸರಿನ ವಿಷಯದಲ್ಲಿ ನಮ್ಮ ಕಾಯಿದೆಯೂ ಕಲಾವಿದನ ಪರವಾಗಿದೆ. ಅದರ 57ನೆಯ ವಿಧಿಯಂತೆ, ಹಕ್ಕನ್ನು ಪೂರ್ತಿ ಮಾರಿಬಿಟ್ಟ ಮೇಲೂ, ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಅಧಿಕಾರವೂ ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ಕೆಡಿಸಿದರೆ ತಡೆಯುವ ಅಧಿಕಾರವೂ ಕರ್ತೃವಿನಲ್ಲಿ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರನಾಥ ಸೆಹಗಲ್ ಮಾಡಿಕೊಟ್ಟಿದ್ದ ದೊಡ್ಡ ಕಂಚಿನ ಶಿಲ್ಪವನ್ನು 1979ರಲ್ಲಿ ಕಿತ್ತುಹಾಕಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. ದೆಹಲಿ ಹೈಕೋರ್ಟು 2005ರಲ್ಲಿ ಇದೇ ವಿಧಿಯನ್ನು ಆಧರಿಸಿ ಅವಶೇಷಗಳನ್ನು ಅವರಿಗೆ ಹಿಂದಿರುಗಿಸಬೇಕೆಂದೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. ದುಡ್ಡು ಕೊಟ್ಟು ಕೊಂಡವರು ಸರ್ಕಾರದವರೇ ಆಗಿದ್ದರೂ ಬರೆದವನ ಮಾನ ಬರೆದವನದೇ ಎಂದಾಯಿತು.

ಇಷ್ಟನ್ನೆಲ್ಲ ತೂಗಿ ನೋಡಿದರೆ ಆಟಕ್ಕೆಂದು ಬರೆದ ಚಿತ್ರಕ್ಕೆ ಬೈ-ಎಸ್.ಎ. ನಾಲ್ಕನೆಯ ಆವೃತ್ತಿಯೇ ತಕ್ಕದ್ದೆಂದು ನನಗೆ ತೋರುತ್ತದೆ. ಹೆಸರು ಉಳಿಯುತ್ತದೆ; ತಿದ್ದಿ ಹಂಚುವವನು ಇದೇ ಷರತ್ತಿನ ಮೇಲೆಯೇ ಹಂಚಬೇಕಾಗುತ್ತದೆ; 2015ರಿಂದೀಚೆಗೆ ಆ ಆವೃತ್ತಿಯ ಕೃತಿಯನ್ನು ಜಿ.ಪಿ.ಎಲ್. ಮೂರನೆಯ ಆವೃತ್ತಿಯ ಕೃತಿಯೊಳಗೆ ಸೇರಿಸಿಕೊಳ್ಳಲು ಅಧಿಕೃತವಾಗಿ ದಾರಿ ತೆರೆದಿರುವುದರಿಂದ ಕೋಡಿನೊಡನೆ ತಕರಾರೂ ಇಲ್ಲ. ಆ ದಾರಿ ಒಂದೇ ದಿಕ್ಕಿನದು, ಜಿ.ಪಿ.ಎಲ್. ಚಿತ್ರವನ್ನು ಬೈ-ಎಸ್.ಎ. ಮಾಡಲಾಗದು ಎಂಬುದನ್ನು ಮರೆಯಬಾರದು. ಬ್ರಿಟಿಷ್ ಮ್ಯೂಸಿಯಮ್ಮಿನ ಶಿಲ್ಪಗಳಂತೆ ಕಾಣುವ ಪ್ರಾಚೀನ ರಾಜ್ಯಗಳ ಯುದ್ಧದ ಆಟ 0 ಎ.ಡಿ. ಈ ದಾರಿಯನ್ನೇ ಹಿಡಿದಿದೆ: 2009ರಲ್ಲಿ ಅದನ್ನು ಮುಕ್ತಗೊಳಿಸಿದಾಗ ಕೋಡಿಗೆ ಜಿ.ಪಿ.ಎಲ್., ಚಿತ್ರಗಳಿಗೆ ಆಗಿನ ಬೈ-ಎಸ್.ಎ. ಮೂರನೆಯ ಆವೃತ್ತಿ ಎಂದು ಹಂಚಿಕೊಂಡರು. ಅದರಲ್ಲಿ ನಮ್ಮ ಮೌರ್ಯರೂ ಇದ್ದಾರೆ, ಅವರ ಆನೆಗಳೂ ಇವೆ. ಆ ಆನೆಗೆ ಬೇರೆ ಅಂಬಾರಿ ಹಾಕಿ ವಿಜಯನಗರದ ಆಟ ಕಟ್ಟುತ್ತೇನೆಂದು ನಮ್ಮಲ್ಲಿ ಒಬ್ಬನು ಹೊರಟರೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಕನ್ನಡದಲ್ಲಿಯೂ ಈ ಷರತ್ತು ಹೊಸದಲ್ಲ; ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಲೋಕಕ್ಕೆ ತೆರೆದದ್ದು ಬೈ-ಎಸ್.ಎ. ಅಡಿಯಲ್ಲಿಯೇ.

ಈ ಪರವಾನಗಿಯಲ್ಲಿ ಕೊರತೆಯಿಲ್ಲವೆಂದು ನಾನು ಹೇಳುವುದಿಲ್ಲ. ಚಿತ್ರವನ್ನು ತಿದ್ದದೆ ಹಾಗೆಯೇ ಒಂದು ಮುಚ್ಚಿದ ಆಟದಲ್ಲಿ ಹಾಕಿಕೊಂಡರೆ ಆ ಆಟವೂ ಮುಕ್ತವಾಗಬೇಕೇ ಎಂಬುದರಲ್ಲಿ ತಿಳಿದವರಲ್ಲೇ ಭಿನ್ನಾಭಿಪ್ರಾಯವಿದೆ. ಚಿತ್ರಕ್ಕೆ ತಾಂತ್ರಿಕ ಬೀಗ ಹಾಕಕೂಡದೆಂಬ ಅದರ ನಿಯಮ ಕೆಲವು ಮಾರುಕಟ್ಟೆಗಳಿಗೆ ಹೊಂದುವುದಿಲ್ಲವೆಂದು, 2009ರಲ್ಲಿ ಆರಂಭವಾದ ಓಪನ್‌ಗೇಮ್‌ಆರ್ಟ್ ಎಂಬ ಚಿತ್ರಭಂಡಾರದವರು ಆ ನಿಯಮವನ್ನು ಬಿಟ್ಟ ತಮ್ಮದೇ ಒಂದು ಪರವಾನಗಿಯನ್ನು ಮಾಡಿಕೊಂಡಿದ್ದಾರೆ. ಇತ್ತೀಚೆಗಂತೂ ಚಿತ್ರ ಬರೆಯುವ ಯಂತ್ರಗಳಿಗೆ ತಮ್ಮ ಚಿತ್ರಗಳನ್ನೆಲ್ಲ ಉಣ್ಣಿಸುತ್ತಿದ್ದಾರೆಂದು ಕಲಾವಿದರು ಕಳವಳಪಡುತ್ತಿದ್ದಾರೆ. ಆ ವ್ಯಾಜ್ಯಗಳು ಹಲವು ದೇಶಗಳ ನ್ಯಾಯಾಲಯಗಳ ಮುಂದೆ ಬಂದಿವೆ. ಹಕ್ಕನ್ನೆಲ್ಲ ಕಾದಿರಿಸಿಕೊಂಡವರ ಚಿತ್ರಗಳೂ ಆ ಬಾಯಿಂದ ತಪ್ಪಿಸಿಕೊಂಡಿಲ್ಲವಾದುದರಿಂದ ಅದು ಪರವಾನಗಿಯ ಆಯ್ಕೆಯಿಂದ ತೀರುವ ತೊಂದರೆಯೆಂದು ನನಗನ್ನಿಸುವುದಿಲ್ಲ.

ಹೊಟ್ಟೆಪಾಡಿನ ಪ್ರಶ್ನೆ ಉಳಿಯಿತು. ಪರವಾನಗಿ ಕೊಟ್ಟವನು ತನ್ನ ಚಿತ್ರದ ಒಡೆತನವನ್ನು ಬಿಟ್ಟುಕೊಡುವುದಿಲ್ಲ. ಅದೇ ಚಿತ್ರವನ್ನು ಬೇರೆ ಷರತ್ತಿನ ಮೇಲೆ ಬೇರೊಬ್ಬರಿಗೆ ಮಾರುವುದಕ್ಕೆ ಅವನಿಗೆ ಅಡ್ಡಿಯಿಲ್ಲ. ಫ್ರಾನ್ಸಿನ ಡೇವಿಡ್ ರೆವುವಾ ತಮ್ಮ ಪೆಪ್ಪರ್ ಅಂಡ್ ಕ್ಯಾರಟ್ ಚಿತ್ರಕಥೆಯನ್ನು ಇನ್ನೂ ಸಡಿಲವಾದ ಬೈ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಗ್ಲೆನಾ ಎಂಬ ದೊಡ್ಡ ಪ್ರಕಾಶನದವರು ಅದನ್ನು 2016ರಲ್ಲಿ ಪುಸ್ತಕವಾಗಿ ಅಚ್ಚುಹಾಕಿದರು. ಓದುಗರು ಕೊಡುವ ಕಾಣಿಕೆ ಅವರ ಕೆಲಸವನ್ನು ನಡೆಸುತ್ತಿದೆ. ಎಲ್ಲರಿಗೂ ಆ ಅದೃಷ್ಟ ಬರುವುದೆಂದು ನಂಬಿ ಕೂರುವಂತಿಲ್ಲ. ಆದುದರಿಂದ ಇದನ್ನೂ ಬಿಚ್ಚಿ ಹೇಳುತ್ತೇನೆ: ಕೂಲಿ ಸಿಕ್ಕಬೇಕಾದ ಕೆಲಸವನ್ನು ಮುಕ್ತವೆಂಬ ಹೆಸರಿನಲ್ಲಿ ಪುಕ್ಕಟೆ ಮಾಡಿಸಿಕೊಳ್ಳಲು ಬರುವವರಿದ್ದಾರೆ. ಅಂಥವರಿಗೆ ಇಲ್ಲವೆನ್ನುವುದು ಪಾಪವಲ್ಲ. ಮನೆಯಲ್ಲಿ ಒಲೆ ಉರಿಯದಿರುವಾಗ ದಾನ ಮಾಡೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದೆಂದು ಮೊದಲೇ ಹೇಳಿದೆ. ಟಕ್ಸ್ ರೇಸರ್ ಅದಕ್ಕೆ ಒಳ್ಳೆಯ ನಿದರ್ಶನ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಪಠ್ಯಕಾರ್ಯವಾಗಿ ಹುಟ್ಟಿದ ಅದು 2000ದಲ್ಲಿ ಜಿ.ಪಿ.ಎಲ್. ಅಡಿಯಲ್ಲಿ ಹೊರಬಂದಿತು. ಮುಂದೆ ಅದರ ಕರ್ತೃಗಳೇ ಹೊಸ ಆವೃತ್ತಿಯನ್ನು ಮುಚ್ಚಿ, 2002ರಲ್ಲಿ ಮಾರಾಟಕ್ಕಿಟ್ಟರು. ಹೊಸದು ಅವರದಾಯಿತು; ಹಳೆಯದು ಮಾತ್ರ ಜನರ ಕೈಯಲ್ಲೇ ಉಳಿದು, ಎಕ್ಸ್‌ಟ್ರೀಮ್ ಟಕ್ಸ್ ರೇಸರ್ ಎಂಬ ಹೆಸರಿನಲ್ಲಿ ಬೇರೆಯವರಿಂದ ಮುಂದುವರಿಯಿತು. ಕೊಡುವವನು ಇದನ್ನು ತಿಳಿದು ಕೊಡಬೇಕು.

ತನ್ನದಲ್ಲದ್ದನ್ನು ಕೊಡುವುದಕ್ಕೂ ಬರುವುದಿಲ್ಲ. ಬೇಲೂರಿನ ಶಿಲಾಬಾಲಿಕೆ ಯಾರ ಸೊತ್ತೂ ಅಲ್ಲ, ಆದರೆ ನೀವು ನೋಡಿಕೊಂಡು ಗೆರೆ ಎಳೆದ ಫೋಟೋ ಅದನ್ನು ತೆಗೆದವರ ಸೊತ್ತು. ಸಿನಿಮಾ ನಟರ ಮುಖವನ್ನೋ ಯಾವುದೋ ಕಂಪನಿಯ ಗೊಂಬೆಯನ್ನೋ ನಕಲು ಮಾಡಿ ಅದಕ್ಕೆ ಬೈ-ಎಸ್.ಎ. ಎಂದು ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಸೇರಿಸಿಕೊಂಡ ಆಟದವರು ತೊಂದರೆಗೆ ಸಿಕ್ಕುತ್ತಾರೆ. ಯಕ್ಷಗಾನದಂತಹ ಜನರ ಕಲೆಯಲ್ಲಿ ಕೂಡ ಇದು ಸೂಕ್ಷ್ಮವಾದ ವಿಷಯ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದೆಂಬ ವ್ಯಾಜ್ಯ ಅವರ ಕಾಲಾನಂತರ ಸುಪ್ರೀಂ ಕೋರ್ಟಿನವರೆಗೂ ಹೋಗಿ 2009ರಲ್ಲಿ ತೀರ್ಮಾನವಾಯಿತು. ಬಡಗುತಿಟ್ಟಿನ ಕೇದಗೆಮುಂದಲೆಯನ್ನು ಯಾರೂ ಬರೆಯಬಹುದು. ಒಬ್ಬರು ಹೊಸದಾಗಿ ಕಲ್ಪಿಸಿದ್ದನ್ನು ಬರೆಯುವ ಮುನ್ನ ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಬರೆಯಬೇಕಾದದ್ದು ಎರಡು ಮೂರು ಸಾಲು ಮಾತ್ರ: ಬರೆದವರ ಹೆಸರು, ವರ್ಷ, ಪರವಾನಗಿಯ ಪೂರ್ತಿ ಹೆಸರು, ಅದರ ಆವೃತ್ತಿಯ ಸಂಖ್ಯೆ. 'ಉಚಿತ' ಎಂದಷ್ಟೇ ಬರೆಯುವವರು ಬಹಳ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಆವೃತ್ತಿಯ ಸಂಖ್ಯೆ ಬಿಟ್ಟುಹೋದರೆ ಹತ್ತು ವರ್ಷದ ಮೇಲೆ ಆಟ ಕಟ್ಟುವವನು ನಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ, ಆ ಹೊತ್ತಿಗೆ ನಾವು ಎಲ್ಲಿರುವೆವೋ!

ಕೊನೆಯದಾಗಿ ನಮ್ಮ ಸಂಪಾದಕ ಸಮಿತಿಯವರಲ್ಲಿ ಒಂದು ಅರಿಕೆ. ಪ್ರತಿವರ್ಷ ಈ ಸಂಚಿಕೆಗೆ ವಿದ್ಯಾರ್ಥಿಗಳಿಂದ ಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ಅಚ್ಚಾದ ಮೇಲೆ ಅವು ಯಾರ ಉಪಯೋಗಕ್ಕೂ ಬಾರದೆ ಬೀರುವಿನಲ್ಲಿ ಉಳಿಯುತ್ತವೆ, ಏಕೆಂದರೆ ಬಳಸಬಹುದೋ ಬಾರದೋ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಮುಂದಿನ ವರ್ಷದಿಂದ ಚಿತ್ರ ಕೊಡುವವರ ಕಾಗದದಲ್ಲಿ ಒಂದು ಸಾಲನ್ನು ಸೇರಿಸಿ, ಬೈ-ಎಸ್.ಎ., ಸಿಸಿ-ಝೀರೋ, ಹಕ್ಕು ಕಾದಿರಿಸಿದೆ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಿಸಿಕೊಳ್ಳಲಿ. ಬರೆದವರ ಹೆಸರಿನ ಕೆಳಗೆ ಅದನ್ನೂ ಅಚ್ಚುಹಾಕಲಿ. ಖರ್ಚೇನೂ ಆಗದು. ಮೂರನೆಯದಕ್ಕೆ ಗುರುತು ಹಾಕಿದವರನ್ನು ಏಕೆಂದು ಯಾರೂ ಕೇಳಕೂಡದು.